ಎದ್ದ ಉಗುರಿನ ಮೇಲೆ ಮತ್ತೆ ಗಮ್ ಹಾಕಿಸಿಕೊಳ್ಳಬೇಡಿ

ಅಕ್ರಿಲಿಕ್ ಉಗುರು (ಸ್ವಂತ ಉಗುರಿನ ಮೇಲೆ ಕೂರಿಸುವ ಕೃತಕ ಉಗುರು) ಹಾಕಿಸಿಕೊಂಡವರು, ಹಾಕಿಸಿಕೊಳ್ಳಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ. ಅಂಚಿನಲ್ಲಿ ಸ್ವಲ್ಪ ಎದ್ದರೂ ಅದನ್ನು ಪೂರ್ತಿ ತೆಗೆಸಿಬಿಡಿ. ಮೇಲೆ ಗಮ್ ಹಾಕಿ ಒತ್ತುತ್ತೇವೆ ಅಂದರೆ ಒಪ್ಪಲೇಬೇಡಿ. ನನ್ನ ಹೆಬ್ಬೆರಳಿನ ಉಗುರು ಹಸಿರಾಗಿದೆ. ಹೌದು, ಹಸಿರು. ಹಚ್ಚಿದ ಬಣ್ಣ ಅಲ್ಲ.

ತಮ್ಮನ ನಿಶ್ಚಿತಾರ್ಥಕ್ಕೆ ಅಂತ ಬೆಂಗಳೂರಿನ ನಮ್ಮ ಏರಿಯಾದ ಒಂದು ನೇಲ್ ಸಲೂನಿನಲ್ಲಿ ಹಾಕಿಸಿದ್ದೆ. 2,200 ರೂಪಾಯಿ. ರೀಫಿಲ್ ಮಾಡಿಸಿದರೆ, ಅಂದರೆ ಉಗುರು ಬೆಳೆದು ಬುಡದಲ್ಲಿ ಖಾಲಿಯಾದ ಜಾಗ ತುಂಬಿಸಿದರೆ, ಮದುವೆವರೆಗೂ ಇರುತ್ತೆ ಅಂದಿದ್ದರು. ಮದುವೆ ಹತ್ತಿರ ಬಂದಾಗ ಹೆಬ್ಬೆರಳಿನದು ಬುಡದಲ್ಲಿ ಬಿಟ್ಟುಕೊಂಡಿತು. ಮನೆಯಲ್ಲಿ ನೀರಿನ ಕೆಲಸ ಯಾರಿಗೆ ತಪ್ಪುತ್ತೆ? ಹೋಗಿ ತೋರಿಸಿದೆ. "ಕಾಮನ್ ಮೇಡಂ, ಎರಡೇ ನಿಮಿಷ" ಅಂತ ಸಂದಿಗೆ ಗಮ್ ಬಿಟ್ಟು ಒತ್ತಿ ಹಿಡಿದರು. ಆಮೇಲೆ ನಾನು ಕೇಳದಿದ್ದರೂ "ಮದುವೆಗೆ ಚೆನ್ನಾಗಿ ಕಾಣುತ್ತೆ, ಇದು ಫ್ರೀ" ಅಂತ ಹತ್ತೂ ಬೆರಳಿಗೆ ಮರೂನ್ ಪಾಲಿಶ್ ಹಚ್ಚಿದರು. ಬಿಫೋರ್, ಆಫ್ಟರ್ ಅಂತ ಫೋಟೋ ತೆಗೆದು ನನಗೂ ವಾಟ್ಸಾಪಿನಲ್ಲಿ ಕಳಿಸಿದರು.

ಬೀಗರೂಟದ ಹೊತ್ತಿಗೆ ಪಾಲಿಶ್ ಅಲ್ಲಲ್ಲಿ ಕಿತ್ತುಹೋಗಿತ್ತು. ಒರೆಸಿದೆ. ಕೆಳಗೆ ಕಡುಹಸಿರು ಕಲೆ! ತೊಳೆದರೂ ಹೋಗಲಿಲ್ಲ, ಉಜ್ಜಿದರೂ ಹೋಗಲಿಲ್ಲ. ಹಾಗೇ ಬಡಿಸಲು ನಿಂತೆ. ಬೀಗರ ಕಡೆಯ ಹೆಂಗಸೊಬ್ಬರು ನನ್ನ ಕೈ ನೋಡಿ "ಏನಮ್ಮ ಅದು, ಉಗುರು ಕೊಳೆತಿದೆಯಾ?" ಅಂದರು. ಪಂಕ್ತಿಯಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಹೋಳಿಗೆ ತಟ್ಟೆ ಅಲ್ಲೇ ಇಟ್ಟು ಒಳಗೆ ಹೋದೆ. ಎಷ್ಟು ನಾಚಿಕೆಯಾಯಿತು ಅಂತ ಹೇಳಲಾರೆ.

ಸಲೂನಿಗೆ ಫೋಟೋ ಕಳಿಸಿದೆ. ಅವರ ಉತ್ತರ ನೋಡಿ. ಮೊದಲು, "ಅಡುಗೆ ಮಾಡುವಾಗ ಅರಿಶಿನ ತಾಗಿರಬೇಕು ಮೇಡಂ." ಅರಿಶಿನ ಹಳದಿ ಅಲ್ವಾ? ಅದನ್ನೇ ಕೇಳಿದೆ. "ಹಾಗಾದರೆ ನಿಮಗೆ ಕ್ಯಾಲ್ಸಿಯಂ ಕಡಿಮೆ ಇದೆ." ಕ್ಯಾಲ್ಸಿಯಂ ಕಡಿಮೆಯಾದರೆ ಒಂದೇ ಉಗುರು ಹಸಿರಾಗುತ್ತಾ? ಕೊನೆಗೆ, "ಫಂಗಸ್ ಮೇಡಂ, ಮನೆಯಿಂದಲೇ ಬಂದಿರೋದು. ನಮ್ಮಲ್ಲಿ ಟ್ರೀಟ್‌ಮೆಂಟ್ ಪ್ಯಾಕೇಜ್ ಇದೆ. ನಿಮಗೆ ಅಂತ 3,500ಕ್ಕೆ ಮಾಡಿಕೊಡ್ತೀವಿ." ಹಾಳು ಮಾಡಿದವರೇ ಸರಿ ಮಾಡಲು ದುಡ್ಡು ಕೇಳುತ್ತಾರೆ!

ಚರ್ಮದ ಡಾಕ್ಟರ್ ಹತ್ತಿರ ಹೋದೆ. ಅವರು ಅಕ್ರಿಲಿಕ್ ತೆಗೆಸಿ ನೋಡಿ, ಇದು ಫಂಗಸ್ ಅಲ್ಲ, ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಅಂದರು. ತೇವ ಇದ್ದ ಕಡೆ ಬೆಳೆಯುತ್ತದಂತೆ. ಹಸಿರು ಬಣ್ಣ ಅದೇ ಬಿಡುವುದು. ಎದ್ದ ಸಂದಿಯಲ್ಲಿ ನೀರು ಹೋಗಿ ನಿಂತಿದೆ, ಮೇಲಿಂದ ಗಮ್ ಹಾಕಿ ಮುಚ್ಚಿದ ಮೇಲೆ ಒಣಗುವ ದಾರಿಯೇ ಇಲ್ಲ. ಇದಕ್ಕೆ ಫಂಗಸ್ ಔಷಧಿ ಹಚ್ಚಿ ಏನು ಪ್ರಯೋಜನ? ಫಂಗಸ್ ಅನುಮಾನ ಇದ್ದರೂ ಉಗುರು ಕೆರೆದು ಲ್ಯಾಬಿಗೆ ಕಳಿಸಿ ನೋಡಬೇಕಂತೆ, ವಾಟ್ಸಾಪ್ ಫೋಟೋ ನೋಡಿ ಹೇಳುವುದಲ್ಲ. ನನಗೆ ಆಂಟಿಬಯೋಟಿಕ್ ಡ್ರಾಪ್ಸ್ ಕೊಟ್ಟರು. ಬೆರಳು ಒಣಗಿರಬೇಕು, ಪಾತ್ರೆ ತೊಳೆಯುವಾಗ ಗ್ಲೌಸ್ ಹಾಕಬೇಕು. ಕಲೆ ಮಾತ್ರ ತಕ್ಷಣ ಹೋಗಲ್ಲ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಪೂರ್ತಿ ಹೊಸದಾಗಲು ಹೆಚ್ಚುಕಡಿಮೆ ಆರು ತಿಂಗಳು.

ಹೊರಡುವಾಗ ಡಾಕ್ಟರ್ ಕೇಳಿದರು, "ಗಮ್ ಹಾಕುವಾಗ ಬಣ್ಣ ಇರಲಿಲ್ವಾ?" ಆಟೋದಲ್ಲಿ ಕೂತು ಆ ಬಿಫೋರ್ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಬುಡದಲ್ಲಿ ಹಸಿರು ಇದೆ. ಸ್ಪಷ್ಟವಾಗಿ ಇದೆ. ಅವರಿಗೆ ಕಂಡಿತ್ತು. ಕಂಡೇ ಗಮ್ ಹಾಕಿದ್ದಾರೆ, ಕಂಡೇ ಮರೂನ್ ಹಚ್ಚಿದ್ದಾರೆ. ಫ್ರೀ ಅಂದರು, ನಾನು ಥ್ಯಾಂಕ್ಸ್ ಬೇರೆ ಹೇಳಿ ಬಂದೆ! ಮೈಯೆಲ್ಲ ಉರಿಯಿತು. ಅವರ ಫೋಟೋ ಅವರಿಗೇ ಕಳಿಸಿದೆ. "ಲೈಟಿಂಗ್ ಮೇಡಂ" ಅಂದರು. ದುಡ್ಡು ವಾಪಸ್ ಕೇಳಿದರೆ ಓನರ್ ಊರಲ್ಲಿಲ್ಲ. ರಿವ್ಯೂ ಹಾಕಿದ ದಿನವೇ ಓನರ್ ಊರಿಗೆ ಬಂದರು. "ರಿವ್ಯೂ ತೆಗೆದರೆ ಮುಂದಿನ ಸಲ 20% ಡಿಸ್ಕೌಂಟ್" ಅಂತ ಮೆಸೇಜ್. ಇನ್ನೂ ನನ್ನ ಕೈ ಅವರಿಗೆ ಕೊಡಬೇಕಂತೆ!

ಉಗುರು ಎದ್ದರೆ ಅಸಿಟೋನಿನಲ್ಲಿ ನೆನೆಸಿ ತೆಗೆಸಿ. ಕೀಳಬೇಡಿ, ಸ್ವಂತ ಉಗುರಿನ ಪದರವೂ ಕಿತ್ತು ಬರುತ್ತೆ. ಬೇಸ್ ಕೋಟ್ (ಬಣ್ಣಕ್ಕೆ ಮೊದಲು ಹಚ್ಚುವ ಪದರ) ಇಲ್ಲದೆ ಗಾಢ ಪಾಲಿಶ್ ಹಚ್ಚಿ ಉಗುರು ಹಳದಿಯಾಗಿದ್ದರೆ ಸುಮ್ನೆ ಹೆದರಬೇಡಿ, ಬೆಳೆದಂತೆ ಹೋಗುತ್ತೆ. ಆದರೆ ಹಸಿರಾದರೆ, ನೋವಿದ್ದರೆ, ಅಥವಾ ಒಂದೇ ಉಗುರಿನಲ್ಲಿ ಕಪ್ಪು ಗೆರೆ ಬಂದು ಅಗಲವಾಗುತ್ತಿದ್ದರೆ ಪಾರ್ಲರಿಗೆ ಹೋಗಲೇಬೇಡಿ. ಚರ್ಮದ ಡಾಕ್ಟರಿಗೆ ತೋರಿಸಿ. ಕಪ್ಪು ಗೆರೆ ಕೆಲವೊಮ್ಮೆ ಕ್ಯಾನ್ಸರ್ ಕೂಡ ಆಗಿರಬಹುದು.

ಬಿಲ್ ಕೇಳಿ ಇಟ್ಟುಕೊಳ್ಳಿ. ನನಗೆ ಕೊಟ್ಟಿರಲಿಲ್ಲ, ಯುಪಿಐ ಸ್ಕ್ರೀನ್‌ಶಾಟ್ ಮತ್ತು ಆ ಫೋಟೋ ಇವೆ. ಎರಡನ್ನೂ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ರಿವ್ಯೂ ತೆಗೆಯುವುದಿಲ್ಲ.