'ವಧು' ಕಾಲಂ ತುಂಬಿಸಿಕೊಟ್ಟ ಪತ್ರ ಬರಹಗಾರರ ಅಂಗಡಿ: 5ಕ್ಕೆ 4

ಕೊಡಗಿನಲ್ಲಿ ಮದುವೆ ನೋಂದಣಿಗೆ ಓಡಾಡುತ್ತಿರುವ ನನ್ನಂಥ ಟ್ರಾನ್ಸ್ ಹೆಂಗಸರಿಗೆ (ಹುಟ್ಟಿದಾಗ ಗಂಡು ಅಂತ ಬರೆಸಿಕೊಂಡು, ಹೆಣ್ಣಾಗಿ ಬದುಕುತ್ತಿರುವವರಿಗೆ) ಈ ಅಂಗಡಿ ಬಗ್ಗೆ ಹೇಳಲೇಬೇಕು. ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿನ ಇಳಿಜಾರಿನಲ್ಲಿ, ತಗಡಿನ ಕೆಳಗೆ ಒಂದು ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನು, ಅಷ್ಟೇ. ಯಾವ ಊರು ಅಂತ ಇಲ್ಲಿ ಬರೆಯುವುದಿಲ್ಲ, ಆ ಕಚೇರಿಯಲ್ಲಿ ನನಗೆ ಇನ್ನೂ ಕೆಲಸವಿದೆ.

ನಾವು ದೇವಸ್ಥಾನದಲ್ಲಿ ಮದುವೆಯಾಗಿ ಎರಡು ತಿಂಗಳಾಗಿತ್ತು. ಜುಲೈ ಮಳೆಯಲ್ಲಿ ಫೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಹೋದರೆ, ಕೌಂಟರಿನವರು ನನ್ನ ಟ್ರಾನ್ಸ್‌ಜೆಂಡರ್ ಪ್ರಮಾಣಪತ್ರ ನೋಡಿದ್ದೇ ತಡ, "ಇಂಥ ಮದುವೆ ಆಗಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ, ಪೇಪರಲ್ಲಿ ಬಂದಿತ್ತು" ಎಂದು ಫೈಲು ವಾಪಸ್ ತಳ್ಳಿದರು.

ಅಲ್ಲಿಂದ ಈ ಅಂಗಡಿಗೆ ಬಂದು ನಡೆದದ್ದು ಹೇಳಿದೆವು. ಪತ್ರ ಬರಹಗಾರರು ಕನ್ನಡಕ ಏರಿಸಿಕೊಂಡು ಕೇಳಿದ್ದು ಒಂದೇ. "ಹುಡುಗಿ ಯಾರಮ್ಮ?"

"ನಾನೇ."

"ಹಾಗಾದ್ರೆ ಅವರು ಹೇಳಿದ್ದು ಅರ್ಧ ಮಾತ್ರ."

2023ರ ಅಕ್ಟೋಬರ್ 17ರ ತೀರ್ಪು ಸಲಿಂಗ ಮದುವೆಗೆ ಮಾನ್ಯತೆ ಕೊಡಲಿಲ್ಲ, ನಿಜ. ಆದರೆ ಟ್ರಾನ್ಸ್ ಹೆಣ್ಣು ಗಂಡಸನ್ನು, ಟ್ರಾನ್ಸ್ ಗಂಡು ಹೆಂಗಸನ್ನು ಈಗಿರುವ ಕಾನೂನಿನಲ್ಲೇ ಮದುವೆಯಾಗಬಹುದು ಅಂತಲೂ ಅದೇ ತೀರ್ಪು ಹೇಳಿದೆ. ಅದಕ್ಕೂ ಮೊದಲು, 2019ರ ಏಪ್ರಿಲ್ 22ರಂದು, ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಹಿಂದೂ ವಿವಾಹ ಕಾಯ್ದೆಯ 'ವಧು' ಅನ್ನುವ ಪದದಲ್ಲಿ ಟ್ರಾನ್ಸ್ ಹೆಣ್ಣೂ ಸೇರುತ್ತಾಳೆ ಎಂದಿತ್ತು. ಅಲ್ಲೂ ತೂತ್ತುಕುಡಿಯ ಜೋಡಿಯೊಂದು ದೇವಸ್ಥಾನದಲ್ಲಿ ಮದುವೆಯಾಗಿ ನೋಂದಣಿಗೆ ಹೋದಾಗ ಇದೇ ಕಥೆ ಆಗಿತ್ತಂತೆ! ಬೇರೆ ರಾಜ್ಯದ ಹೈಕೋರ್ಟಿನ ಮಾತನ್ನು ನಮ್ಮವರು ಪಾಲಿಸಲೇಬೇಕು ಅಂತಿಲ್ಲ, ಆದರೆ ಮುಂದಿಟ್ಟರೆ ತೂಕ ಇದ್ದೇ ಇದೆ.

ಇವರು ಎರಡೂ ತೀರ್ಪಿನ ಬೇಕಾದ ಪುಟಗಳನ್ನಷ್ಟೇ ಪ್ರಿಂಟ್ ತೆಗೆದು ಅರ್ಜಿಗೆ ಪಿನ್ ಹೊಡೆದರು. ಮೇಲೆ ಒಂದು ಸಾಲು: "ನೋಂದಣಿ ಸಾಧ್ಯವಿಲ್ಲವಾದರೆ ಕಾರಣವನ್ನು ಬರಹದಲ್ಲಿ ಕೊಡಿ." ಬಾಯಲ್ಲಿ ಆಗಲ್ಲ ಅನ್ನುವುದು ಸುಲಭ, ಬರೆದು ಸಹಿ ಹಾಕುವುದು ಕಷ್ಟ ಅಲ್ವಾ? ಮುಂದಿನ ವಾರ ನೋಂದಣಿ ಆಯಿತು.

ಒಂದು ಸ್ಟಾರ್ ಯಾಕೆ ಕಟ್ ಅಂದರೆ, ಅಫಿಡವಿಟ್ಟಿನಲ್ಲಿ ವಧುವಿನ ಹೆಸರನ್ನು ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೋಡಿ ಟೈಪ್ ಮಾಡಿಬಿಟ್ಟಿದ್ದರು. ನಾನು ಬಿಟ್ಟು ಎಷ್ಟೋ ವರ್ಷವಾದ ಹೆಸರು. ಅದನ್ನು ನನ್ನವರ ಎದುರು ಜೋರಾಗಿ ಓದಿದರು ಬೇರೆ. ಹೊಟ್ಟೆ ಹಿಂಡಿದ ಹಾಗಾಯಿತು. "ತಪ್ಪಾಯ್ತಮ್ಮ" ಎಂದು ಹೊಸದಾಗಿ ಹೊಡೆದುಕೊಟ್ಟರು, ಆದರೆ ಎರಡನೇ ಸ್ಟಾಂಪ್ ಪೇಪರಿನ ಕಾಸು ಮಾತ್ರ ನನ್ನಿಂದಲೇ ಇಸಿದುಕೊಂಡರು.

ಹೋಗುವವರು ಹೆಸರನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಮಳೆಗಾಲದಲ್ಲಿ ಕರೆಂಟ್ ಜಾಸ್ತಿ ಹೋಗುತ್ತದೆ, ಬೆಳಿಗ್ಗೆಯೇ ಹೋದರೆ ಒಳ್ಳೆಯದು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರಬೇಡಿ, ತಗಡು ಸೋರುತ್ತದೆ.