ಜಿಲ್ಲೆಗೊಂದು ರೋಲೋ, ಎಲ್ಲಕ್ಕೂ ಒಂದೇ ಪಟ್ಟಿಯೋ?

ಜಿಲ್ಲೆಗೊಂದು ರೋಲ್, ಅಂದರೆ ಯಾವ ಸಾಲುಗಳು ಕಾಣಬೇಕೆಂಬ ಸೂತ್ರವಿರುವ ಬಳಕೆದಾರರ ಗುಂಪು, ಕಟ್ಟುವ ಕೆಲಸಕ್ಕೆ ನಾನು ಇನ್ನು ಕೈ ಹಾಕುವುದಿಲ್ಲ. ಮೈಕ್ರೋಸಾಫ್ಟ್‌ನ ವರದಿ ತಂತ್ರಾಂಶ ಪವರ್ ಬಿಐನ ವರದಿಯಲ್ಲಿ ಯಾರಿಗೆ ಯಾವ ಸಾಲು ಕಾಣಬೇಕೆಂದು ಗೊತ್ತುಮಾಡುವ ಎರಡೂ ದಾರಿಗಳನ್ನು ನಮ್ಮ ಪಂಪ್‌ಸೆಟ್ ಮಾರಾಟದ ಲೆಕ್ಕದಲ್ಲಿ ಬಳಸಿ ನೋಡಿದ್ದೇನೆ.

ಮೊದಲು ಮಾಡಿದ್ದು ಸ್ಥಿರ ರೋಲ್. ರಾಜ್ಯದ 31 ಜಿಲ್ಲೆಗಳಿಗೆ 31 ರೋಲ್, ಒಂದೊಂದರಲ್ಲೂ ಜಿಲ್ಲೆಯ ಹೆಸರು ಬರೆದ ಸೂತ್ರ. ವರ್ಗಾವಣೆ ಶುರುವಾಗುವವರೆಗೆ ಎಲ್ಲವೂ ಚೊಕ್ಕವಾಗಿತ್ತು. ಗದಗದಿಂದ ಹಾವೇರಿಗೆ ಹೋದವರನ್ನು ಹಾವೇರಿ ರೋಲ್‌ಗೆ ಸೇರಿಸಿದೆ, ಗದಗದಿಂದ ತೆಗೆಯುವುದನ್ನು ಮರೆತೆ. ಒಬ್ಬರು ಎರಡು ರೋಲ್‌ಗಳಲ್ಲಿದ್ದರೆ ಎರಡರ ಸಾಲುಗಳೂ ಕಾಣುತ್ತವೆ. ಒಂದು ತಿಂಗಳು ಅವರ ಪರದೆಯಲ್ಲಿ ಗದಗದ ಲೆಕ್ಕವೂ ತೆರೆದೇ ಇತ್ತು.

ಈಗಿರುವುದು ಒಂದೇ ರೋಲ್. ಮಿಂಚಂಚೆ ಮತ್ತು ಜಿಲ್ಲೆ ಎಂಬ ಎರಡು ಕಾಲಂಗಳ ಹಂಚಿಕೆ ಪಟ್ಟಿ ಇದೆ. ಆ ಮಿಂಚಂಚೆಯನ್ನು ಯೂಸರ್‌ಪ್ರಿನ್ಸಿಪಲ್‌ನೇಮ್ ಫಂಕ್ಷನ್ ಕೊಡುವ ಲಾಗಿನ್ ಹೆಸರಿನೊಡನೆ ಸೂತ್ರ ಹೋಲಿಸುತ್ತದೆ. ವರ್ಗಾವಣೆಯಾದರೆ ಎಕ್ಸೆಲ್‌ನಲ್ಲಿ ಒಂದು ಸಾಲು ತಿದ್ದಿದರಾಯಿತು, ಮುಂದಿನ ರಿಫ್ರೆಶ್‌ಗೆ ಜಾರಿಯಾಗುತ್ತದೆ.

ಇದರಲ್ಲೂ ಒಂದು ತೊಡಕು ನನ್ನನ್ನು ಎರಡು ದಿನ ಕಾಡಿತು. ಬೇರೊಬ್ಬರಿಗೆ ವರದಿ ಹೇಗೆ ಕಾಣುತ್ತದೆಂದು ಪರೀಕ್ಷಿಸುವ ‘ವ್ಯೂ ಆಸ್’ನಲ್ಲಿ ವಿಜಯಪುರದ ಅಧಿಕಾರಿಯ ಹೆಸರು ಕೊಟ್ಟು, ರೋಲನ್ನೂ ಗುರುತು ಮಾಡಿ ನೋಡಿದರೆ ಇಡೀ ರಾಜ್ಯದ ಮೊತ್ತವೇ ಬಂತು. ಹಂಚಿಕೆ ಪಟ್ಟಿಯಲ್ಲಿ ಮಾತ್ರ ಅವರ ಸಾಲುಗಳಷ್ಟೇ ಇದ್ದವು. ಅಂದರೆ ಸೂತ್ರ ಸರಿ ಇತ್ತು, ಸೋಸಿದ್ದು ಮುಂದಕ್ಕೆ ಹರಿದಿರಲಿಲ್ಲ.

ಒಂದು ಜಿಲ್ಲೆಗೆ ಇಬ್ಬರು ಇರುವುದರಿಂದ ಹಂಚಿಕೆ ಪಟ್ಟಿಯಲ್ಲಿ ಜಿಲ್ಲೆಯ ಹೆಸರು ಮರುಕಳಿಸುತ್ತದೆ. ಹಾಗಾಗಿ ಪ್ರತಿ ಜಿಲ್ಲೆ ಒಮ್ಮೆ ಮಾತ್ರ ಇರುವ ಜಿಲ್ಲೆಯ ಕೋಷ್ಟಕಕ್ಕೂ ಈ ಪಟ್ಟಿಗೂ ಇರುವ ಸಂಬಂಧದಲ್ಲಿ ಫಿಲ್ಟರ್ ಕೋಷ್ಟಕದಿಂದ ಪಟ್ಟಿಯ ಕಡೆಗಷ್ಟೇ ಹರಿಯುತ್ತದೆ, ಹಿಂದಕ್ಕೆ ಬರುವುದಿಲ್ಲ. ಫಿಲ್ಟರ್ ದಿಕ್ಕನ್ನು ‘ಎರಡೂ ಕಡೆ’ ಎಂದು ಬದಲಿಸಿದೆ. ಆಗಲೂ ಅದೇ ಮೊತ್ತ. ಅದರ ಕೆಳಗೆ ಭದ್ರತಾ ಫಿಲ್ಟರನ್ನೂ ಎರಡೂ ದಿಕ್ಕಿಗೆ ಅನ್ವಯಿಸುವ ಇನ್ನೊಂದು ಚೌಕವಿದೆ. ಅದಕ್ಕೆ ಟಿಕ್ ಹಾಕಿದ ಮೇಲೆ ವಿಜಯಪುರವೊಂದೇ ಉಳಿಯಿತು.

ಲೈಸೆನ್ಸ್ ಖರ್ಚಿನಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ವರದಿ ಇಟ್ಟಿರುವ ವರ್ಕ್‌ಸ್ಪೇಸ್‌ನಲ್ಲಿ ಬರೀ ನೋಡುವ ಹಕ್ಕಾದ ‘ವ್ಯೂವರ್’ಗಿಂತ ಮೇಲಿನ ಹಕ್ಕನ್ನು ಯಾರಿಗಾದರೂ ಕೊಟ್ಟರೆ ಎರಡೂ ವಿಧಾನ ವ್ಯರ್ಥ, ಅವರಿಗೆ ಎಲ್ಲ ಸಾಲುಗಳೂ ಕಾಣುತ್ತವೆ.

ನಾಲ್ಕು ಕಂದಾಯ ವಿಭಾಗಗಳಿಗೆ ವರ್ಷಗಟ್ಟಲೆ ಬದಲಾಗದ ನಾಲ್ವರೇ ಇದ್ದರೆ ಸ್ಥಿರ ರೋಲ್ ಧಾರಾಳವಾಗಿ ಸಾಕು. ನಮ್ಮಲ್ಲಿ ವರ್ಗಾವಣೆ ಆಗಾಗ ಬರುತ್ತದೆ, ಸಿಬ್ಬಂದಿ ಪಟ್ಟಿಯನ್ನು ಹೇಗೂ ಪ್ರತಿ ಸೋಮವಾರ ತಿದ್ದುತ್ತೇನೆ. ಜಿಲ್ಲೆಯ ಕಾಲಂ ಅದೇ ಹಾಳೆಯಲ್ಲಿದೆ.