ಬಜರ್‌ಬೀಟರ್: ಕ್ಲಬ್ಬಿನ ಖರ್ಚಿನಲ್ಲಿ ಬೆಳೆಯುವ ದೇಶದ ತಂಡ

ಬಜರ್‌ಬೀಟರ್ 2007ರಿಂದ ಅಂತರ್ಜಾಲದಲ್ಲಿ ನಡೆದುಬಂದಿರುವ ಬ್ಯಾಸ್ಕೆಟ್‌ಬಾಲ್ ಮ್ಯಾನೇಜ್‌ಮೆಂಟ್ ಆಟ. ಇದರಲ್ಲಿ ಚೆಂಡನ್ನು ನಾವು ಮುಟ್ಟುವುದಿಲ್ಲ. ಒಂದು ಕ್ಲಬ್ಬನ್ನು ನಡೆಸುತ್ತೇವೆ, ಆಟಗಾರರನ್ನು ಕೊಳ್ಳುತ್ತೇವೆ, ಮಾರುತ್ತೇವೆ, ಯಾರು ಯಾವ ಜಾಗದಲ್ಲಿ ಆಡಬೇಕೆಂದು ಮೊದಲೇ ತಿಳಿಸಿಡುತ್ತೇವೆ, ಪಂದ್ಯವನ್ನು ಕಂಪ್ಯೂಟರ್ ಆಡಿಸುತ್ತದೆ. ಕಲಬುರಗಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಕೆಲವು ಗೆಳೆಯರು ಇದನ್ನು ಆಡುತ್ತಾರೆ, ಅವರೊಂದಿಗೆ ನಾನೂ ಆಡುತ್ತೇನೆ. ದಿನಕ್ಕೆ ಹತ್ತು ನಿಮಿಷ ಸಾಕಾಗುವುದರಿಂದ ಓದಿಗೆ ಅಡ್ಡಿಯಿಲ್ಲ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯ ಮಧ್ಯಾಹ್ನಗಳಿಗೂ ಇದು ಒಗ್ಗುತ್ತದೆ. ಲೀಗ್, ಕಪ್, ಟಿಕೆಟ್ ದರ, ಕ್ರೀಡಾಂಗಣದ ವಿಸ್ತರಣೆ ಇವೆಲ್ಲ ಇಂಥ ಬೇರೆ ಆಟಗಳಲ್ಲಿಯೂ ಸಿಗುವುದರಿಂದ ಅವನ್ನು ಬಿಟ್ಟು, 21 ವಯಸ್ಸು ಮೀರದವರ ರಾಷ್ಟ್ರೀಯ ತಂಡಕ್ಕಾಗಿ ಹುಡುಗರನ್ನು ತಯಾರು ಮಾಡುವ ಭಾಗವನ್ನಷ್ಟೇ ಇಲ್ಲಿ ಪರಿಶೀಲಿಸುತ್ತೇನೆ. ಈ ಆಟವನ್ನು ಉಳಿದವುಗಳಿಂದ ಬೇರೆಯಾಗಿಸುವುದು ಆ ಭಾಗವೇ.

ಆಟದ ಒಂದು ಸೀಸನ್ ಎಂದರೆ 14 ವಾರ. ಸೀಸನ್ ಮುಗಿದಾಗ ಪ್ರತಿಯೊಬ್ಬ ಆಟಗಾರನ ವಯಸ್ಸು ಒಂದು ವರ್ಷ ಹೆಚ್ಚುತ್ತದೆ. ತರಬೇತಿಯ ಫಲ ವಾರಕ್ಕೊಮ್ಮೆ, ಶುಕ್ರವಾರದಂದು ಮಾತ್ರ ದೊರೆಯುತ್ತದೆ. 18ನೇ ವಯಸ್ಸಿನಲ್ಲಿ ಡ್ರಾಫ್ಟ್ (ಹೊಸ ಹುಡುಗರನ್ನು ಕ್ಲಬ್ಬುಗಳಿಗೆ ಹಂಚುವ ವ್ಯವಸ್ಥೆ) ಮೂಲಕ ಬಂದ ಹುಡುಗನಿಗೆ 21 ತುಂಬಿದ ಸೀಸನ್ ಮುಗಿಯುವವರೆಗೆ ಒಟ್ಟು ನಾಲ್ಕು ಸೀಸನ್, ಅಂದರೆ 56 ತರಬೇತಿಗಳು ಸಿಗುತ್ತವೆ. ವಯಸ್ಸು ಏರಿದಂತೆ ಕಲಿಕೆ ನಿಧಾನವಾಗುವುದರಿಂದ ಮೊದಲ ವರ್ಷದಲ್ಲಿ ಹೋದ ಒಂದು ವಾರದ ನಷ್ಟವನ್ನು ಕೊನೆಯ ವರ್ಷದ ಒಂದು ವಾರ ತುಂಬಿಕೊಡುವುದಿಲ್ಲ. ಹೆಸರುಕಾಳಿನ ಬೆಳೆಯ ಆತುರವಿದ್ದವರು ತೊಗರಿ ಬಿತ್ತಬಾರದು ಎಂದು ನಮ್ಮ ಕಡೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಆಟಕ್ಕೆ ಬರುವವರಿಗೂ ಅದೇ ತಾಳ್ಮೆ ಬೇಕು.

ನಿಜವಾದ ಸೊಗಸು ನಿಮಿಷಗಳ ಲೆಕ್ಕದಲ್ಲಿದೆ. ಒಬ್ಬ ಹುಡುಗನಿಗೆ ಪೂರ್ಣ ತರಬೇತಿ ದಕ್ಕಬೇಕಾದರೆ ಆ ವಾರ ಅವನು ತರಬೇತಿ ನಡೆಯುವ ಜಾಗದಲ್ಲಿಯೇ 48 ನಿಮಿಷ ಆಡಿರಬೇಕು. ಇಲ್ಲಿನ ಪಂದ್ಯವೂ ಅಮೆರಿಕದ ಎನ್‌ಬಿಎ ಲೀಗಿನ ಪಂದ್ಯದಂತೆ 48 ನಿಮಿಷದ್ದು. ಅಂತರರಾಷ್ಟ್ರೀಯ ನಿಯಮದ 40 ನಿಮಿಷಕ್ಕೆ ಒಗ್ಗಿದ ನಮ್ಮ ಕಾಲೇಜು ಆಟಗಾರರಿಗೆ ಇದು ಮೊದಮೊದಲು ವಿಚಿತ್ರವೆನಿಸುತ್ತದೆ. ವಾರಕ್ಕೆ ಸಾಮಾನ್ಯವಾಗಿ ಮೂರು ಪಂದ್ಯಗಳಿರುವುದರಿಂದ ಒಂದು ಜಾಗಕ್ಕೆ ಮೂವರು ಹುಡುಗರನ್ನು ಹೊಂದಿಸಬಹುದು. ತರಬೇತಿಯನ್ನು ಒಂದೇ ಜಾಗಕ್ಕೆ ಸೀಮಿತಗೊಳಿಸಿದರೆ ಆ ಮೂವರು ಬೇಗ ಬೆಳೆಯುತ್ತಾರೆ. ಎರಡು ಜಾಗಗಳಿಗೆ ಹರಡಿದರೆ ಆರು ಮಂದಿ ನಿಧಾನವಾಗಿ ಬೆಳೆಯುತ್ತಾರೆ. ಒಬ್ಬನನ್ನು ಮೂರೂ ಪಂದ್ಯಗಳಲ್ಲಿ ದುಡಿಸಿದರೆ ಅವನ ಫಾರ್ಮ್ ಕುಸಿಯುತ್ತದೆ. ರಾಷ್ಟ್ರೀಯ ತಂಡದ ಕೋಚ್ ಕುಶಲತೆಯ ಜೊತೆಗೆ ಫಾರ್ಮನ್ನೂ ನೋಡುವುದರಿಂದ, ಮಹತ್ವದ ಪಂದ್ಯದ ವಾರದಲ್ಲಿ ಹೆಚ್ಚು ಆಡಿ ದಣಿದ ಹುಡುಗ ಹೊರಗೆ ಕೂರುತ್ತಾನೆ.

ಇದಕ್ಕಿಂತ ಕಠಿಣವಾದದ್ದು ಎತ್ತರದ ಹುಡುಗರ ವಿಚಾರ. ಎತ್ತರವಿದ್ದವನು ರೀಬೌಂಡಿಂಗ್, ಇನ್‌ಸೈಡ್ ಡಿಫೆನ್ಸ್‌ನಂಥ ಬುಟ್ಟಿಯ ಹತ್ತಿರದ ಕುಶಲತೆಗಳನ್ನು ಬೇಗ ಕಲಿಯುತ್ತಾನೆ, ಪಾಸಿಂಗ್, ಹ್ಯಾಂಡ್ಲಿಂಗ್, ಡ್ರೈವಿಂಗ್‌ನಂಥ ಚೆಂಡನ್ನು ಒಪ್ಪಿಸುವ, ಒಯ್ಯುವ ಕುಶಲತೆಗಳನ್ನು ತಡವಾಗಿ ಕಲಿಯುತ್ತಾನೆ. ರಾಷ್ಟ್ರೀಯ ತಂಡಕ್ಕಾದರೋ ಚೆಂಡನ್ನು ಕೈತಪ್ಪಿಸದೆ ಸಹ ಆಟಗಾರನಿಗೆ ಒಪ್ಪಿಸಬಲ್ಲ ಸೆಂಟರ್ (ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ) ಬೇಕು. ಆ ಪಾಠಗಳು ಬುಟ್ಟಿಯಿಂದ ದೂರದಲ್ಲಿ ಚೆಂಡನ್ನು ನಡೆಸುವ ಗಾರ್ಡ್ ಜಾಗದಲ್ಲಿ ಆಡಿದವನಿಗೇ ಚೆನ್ನಾಗಿ ಸಿಗುವುದರಿಂದ ಏಳು ಅಡಿಯ ಹುಡುಗನನ್ನು ವಾರಗಟ್ಟಲೆ ಪಾಯಿಂಟ್ ಗಾರ್ಡ್ ಆಗಿ ಇಳಿಸಬೇಕಾಗುತ್ತದೆ, ಮತ್ತು ಅಂಥ ವಾರಗಳಲ್ಲಿ ಕ್ಲಬ್ ಸೋಲುತ್ತದೆ. ನಮ್ಮ ಗುಂಪಿನ ಒಬ್ಬನು ಲೀಗಿನ ಕೆಳಗಿನ ಹಂತಕ್ಕೆ ಜಾರಿದಾಗಲೂ "ಸೋತ್ರ ಸೋಲ್ಲಿ ಬಿಡೋ, ಹುಡುಗ ಕಲೀಲಕತ್ತಾನ" ಎಂದು ನಗುತ್ತಿದ್ದನು. ಆ ನಗು ಎಲ್ಲರಿಗೂ ಸಾಧ್ಯವಾಗುವಂಥದ್ದಲ್ಲ.

ನನ್ನ ಮುಖ್ಯ ಆಕ್ಷೇಪ ಇಲ್ಲಿಂದಲೇ ಹುಟ್ಟುತ್ತದೆ. ಕುಶಲತೆ ಏರಿದಂತೆ ಹುಡುಗನ ಸಂಬಳವೂ ಏರುತ್ತದೆ, ಅದನ್ನು ಭರಿಸುವುದು ಕ್ಲಬ್. ಸೋಲಿನ ಹೊರೆಯೂ ಕ್ಲಬ್ಬಿನದೇ. ತಂಡವನ್ನು ಆರಿಸಿ ಆಡಿಸುವ ರಾಷ್ಟ್ರೀಯ ಕೋಚ್ ಆ ದೇಶದ ಬಳಕೆದಾರರ ಮತಗಳಿಂದ ಚುನಾಯಿತನಾದವನು; ಗೆಲುವಿನ ಕೀರ್ತಿ ಹೆಚ್ಚಾಗಿ ಅವನಿಗೇ ಸಲ್ಲುತ್ತದೆ. ಹುಡುಗರ ಕುಶಲತೆ ಸಾಮಾನ್ಯವಾಗಿ ಅವರ ಕ್ಲಬ್ಬಿನ ಒಡೆಯನಿಗಷ್ಟೇ ಕಾಣುವುದರಿಂದ ಒಳ್ಳೆಯ ಕೋಚ್ ಒಬ್ಬೊಬ್ಬರಿಗೂ ಸಂದೇಶ ಬರೆದು, ವಿವರ ಕೇಳಿ, ಮುಂದಿನ ವಾರಗಳ ತರಬೇತಿಯನ್ನು ಸೂಚಿಸಬೇಕಾಗುತ್ತದೆ. ಆಟಗಾರನ ರಾಷ್ಟ್ರೀಯತೆ ಮಾರಾಟದಿಂದ ಬದಲಾಗುವುದಿಲ್ಲವಾದ್ದರಿಂದ ಆ ಒಡೆಯ ಯಾವುದೋ ದೂರದೇಶದವನೂ ಆಗಿರಬಹುದು, ಅವನಿಗೆ ಭಾರತದ ಗೆಲುವು ಸೋಲುಗಳಿಂದ ಆಗಬೇಕಾದ್ದೇನೂ ಇಲ್ಲ. ಇಷ್ಟೆಲ್ಲ ನಿಂತಿರುವುದು ಜನರ ಸೌಜನ್ಯದ ಮೇಲೆ. ಆಟದ ನಿಯಮಗಳು ತರಬೇತಿ ಕೊಟ್ಟವನ ಶ್ರಮಕ್ಕೆ ಇನ್ನಷ್ಟು ಬೆಲೆ ಕೊಡಬೇಕಿತ್ತು. ಹಾಗಿದ್ದೂ, ಮೂರು ಸೀಸನ್ ಸಾಕಿದ ಹುಡುಗನ ಹೆಸರು ರಾಷ್ಟ್ರೀಯ ತಂಡದ ಪಟ್ಟಿಯಲ್ಲಿ ಕಾಣಿಸಿಕೊಂಡಾಗ ಆಗುವ ಸಂತೋಷ ಲೀಗ್ ಗೆಲುವಿನಲ್ಲಿ ಇಲ್ಲವೆಂಬುದನ್ನು ಒಪ್ಪಲೇಬೇಕು.

ಆಟ ಉಚಿತ. ಹಣ ಕೊಟ್ಟು ಪಡೆಯುವ ಸಪೋರ್ಟರ್ ಸೌಲಭ್ಯವಿದ್ದರೂ ಹಣ ಕೊಟ್ಟವರ ಆಟಗಾರರು ಬೇಗ ಬೆಳೆಯುವುದಿಲ್ಲ. ಈ ಕಾಲದಲ್ಲಿ ಇದು ಅಪರೂಪದ ಗುಣ. ಕನ್ನಡದಲ್ಲಿ ಆಟ ಇಲ್ಲದಿರುವುದು ಹೈಸ್ಕೂಲಿನ ಮಕ್ಕಳಿಗೆ ತೊಡಕಾಗಬಹುದು. ಪಂದ್ಯವನ್ನು ಕಣ್ಣಾರೆ ಕಂಡು ರೋಮಾಂಚನಗೊಳ್ಳಬಯಸುವವರಿಗೆ ಇದನ್ನು ಶಿಫಾರಸು ಮಾಡಲಾರೆ; ಲೆಕ್ಕದ ಪುಸ್ತಕವನ್ನು ಪ್ರೀತಿಯಿಂದ ತೆರೆಯುವವರಿಗೆ ಮಾಡುತ್ತೇನೆ. ಆರಂಭಿಸುವವರು ಎತ್ತರದ ಸೆಂಟರ್‌ಗಳ ಆಸೆಯನ್ನು ಸದ್ಯಕ್ಕೆ ಬಿಟ್ಟು, ಡ್ರಾಫ್ಟ್ ಮುಗಿದ ಕೂಡಲೇ ಮಾರಾಟಕ್ಕೆ ಬರುವ 18ರ ಹುಡುಗರಲ್ಲಿ ಪೊಟೆನ್ಶಿಯಲ್ (ಎಷ್ಟರವರೆಗೆ ಬೆಳೆಯಬಲ್ಲರೆಂಬ ಮಿತಿ) ಚೆನ್ನಾಗಿರುವ ಮೂವರು ಗಾರ್ಡ್‌ಗಳನ್ನು ಕೊಂಡು, ಒಂದೇ ಜಾಗದ ತರಬೇತಿ ಹಿಡಿದು, ಮೊದಲ ವಾರದಲ್ಲಿಯೇ ರಾಷ್ಟ್ರೀಯ ಕೋಚ್‌ಗೆ ಅವರ ವಿವರ ಬರೆದು ಕಳಿಸುವುದು ಉತ್ತಮ.